ನಾಯಿಮರಿ ವಾಂತಿಯಲ್ಲಿ ಬಿದ್ದ ಹುಳ ಮಗನ ಮೆದುಳಿಗೆ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ಮಗನಿಗೆ ಐದು ವರ್ಷ, ಹಠ ಮಾಡಿ ಬೀದೀಲಿದ್ದ ನಾಯಿಮರಿ ಮನೆಗೆ ತಂದ್ಕೊಂಡಿದಾನೆ. ಮೊನ್ನೆ ಅದು ವಾಂತಿ ಮಾಡ್ತು, ಅದ್ರಲ್ಲಿ ಶ್ಯಾವಿಗೆ ತರ ಬಿಳೀ ಹುಳ, ಸುರುಳಿ ಸುತ್ಕೊಂಡು ಇನ್ನೂ ಅಲ್ಲಾಡ್ತಾ ಇತ್ತು. ಆಸ್ಟ್ರೇಲಿಯಾದಲ್ಲಿ ಒಬ್ಬ ಹೆಂಗಸಿನ ಮೆದುಳಿಂದ ಜೀವಂತ ಹುಳ ತೆಗೆದ್ರು ಅಂತ ಓದಿದ್ದೆ, ಅದು ನೆನಪಾಗಿ ಎರಡು ದಿನದಿಂದ ನಿದ್ದೆ ಇಲ್ಲ. ಮಗ ಸ್ಕೂಲಲ್ಲಿ ಜಂತುಹುಳದ ಮಾತ್ರೆ ತಗೊಂಡಿದಾನೆ, ಅಷ್ಟು ಸಾಕಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದ್ಲು ಆ ಆಸ್ಟ್ರೇಲಿಯಾ ವಿಷಯ ಪಕ್ಕಕ್ಕಿಡಿ ತಾಯಿ. 2022ರಲ್ಲಿ ಕ್ಯಾನ್‌ಬೆರಾದಲ್ಲಿ ಆಪರೇಷನ್ ಮಾಡಿ ತೆಗೆದ ಆ 8 ಸೆಂಟಿಮೀಟರ್ ಹುಳ ಹೆಬ್ಬಾವಿನ ಹೊಟ್ಟೇಲಿ ಬೆಳೆಯೋ ಜಾತಿದು, ಮನುಷ್ಯರಲ್ಲಿ ಸಿಕ್ಕಿದ್ದು ಅದೇ ಮೊದಲು. ನೀವು ಹೇಳಿದ್ದು ನೋಡಿದ್ರೆ ನಿಮ್ಮ ಮರಿಯದ್ದು ಟಾಕ್ಸೊಕಾರಾ ಅನ್ನೋ ದುಂಡುಹುಳ, ನಾಯಿಮರಿಗಳಲ್ಲಿ ತುಂಬಾ ಮಾಮೂಲಿ. ತಾಯಿನಾಯಿಯ ಮಾಂಸದಲ್ಲಿ ಸುಮ್ಮನೆ ಮಲಗಿರೋ ಮರಿಹುಳಗಳು ಅದು ಗಬ್ಬ ಆದಾಗ ಎಚ್ಚರ ಆಗಿ ಹೊಟ್ಟೇಲಿರೋ ಮರಿಗೇ ದಾಟ್ತವೆ, ಆಮೇಲೆ ಹಾಲಲ್ಲೂ ಹೋಗ್ತವೆ, ಹಾಗಾಗಿ ಆ ಮರಿ ಹುಟ್ಟುತ್ತಲೇ ಹುಳ ಹೊತ್ಕೊಂಡು ಬಂದಿರೋ ಸಾಧ್ಯತೆ ಜಾಸ್ತಿ, ಪಾಪ ಅದರ ತಪ್ಪೇನಿಲ್ಲ.

ಈಗ ನಿಮ್ಮ ಭಯದ ವಿಷಯಕ್ಕೆ ಬರ್ತೀನಿ. ಒಂದು ಹೆಣ್ಣುಹುಳ ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತೆ. ಮೊಟ್ಟೆ ನಾಯಿಯ ಕಕ್ಕದಲ್ಲಿ ಹೊರಗೆ ಬಂದ ದಿನಾನೇ ಅಂಟಲ್ಲ, ಮಣ್ಣಲ್ಲಿ ಎರಡು ಮೂರು ವಾರ ಬಲಿಬೇಕು, ಆದ್ರೆ ಬಲಿತ ಮೇಲೆ ವರ್ಷಗಟ್ಟಲೆ ಅದೇ ಮಣ್ಣಲ್ಲಿ ಬದುಕಿರುತ್ತೆ. ಮಣ್ಣಾಟ ಆಡಿದ ಕೈ ತೊಳೀದೆ ಬಾಯಿಗಿಟ್ರೆ ಮೊಟ್ಟೆ ಹೊಟ್ಟೆಗೆ ಹೋಗಿ ಒಡೆದು, ಅರ್ಧ ಮಿಲಿಮೀಟರ್ ಕೂಡ ಇಲ್ಲದ ಮರಿಹುಳ ಕರುಳು ತೂರಿಕೊಂಡು ರಕ್ತಕ್ಕೆ ಇಳಿಯುತ್ತೆ, ಲಿವರ್, ಶ್ವಾಸಕೋಶ, ಕೆಲವೊಮ್ಮೆ ಕಣ್ಣು, ಅಪರೂಪಕ್ಕೆ ಮೆದುಳು. ಮನುಷ್ಯರ ಮೈಯಲ್ಲಿ ಅದು ದೊಡ್ಡದಾಗಲ್ಲ, ದಾರಿ ತಪ್ಪಿದ ಹಾಗೆ ಅಲೀತಾ ಇರುತ್ತೆ ಅಷ್ಟೆ.

ಮೆದುಳಲ್ಲಿ ಏನಾಗುತ್ತೆ ಅನ್ನೋದು ಹೆಚ್ಚಾಗಿ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಗೊತ್ತಾಗಿದೆ. ನಾಯಿಯ ಈ ಹುಳ ಇಲಿ ಮೆದುಳಿನ ಬಿಳಿ ಭಾಗದಲ್ಲಿ, ಅಂದ್ರೆ ನರತಂತುಗಳು ಕಂತೆ ಕಂತೆಯಾಗಿ ಹೋಗೋ ಜಾಗದಲ್ಲೇ ಸೇರ್ಕೊಳ್ಳುತ್ತೆ. ಪ್ರತಿ ತಂತುವಿನ ಮೇಲೂ ಮೈಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರುತ್ತೆ, ಅದು ಕಳಚಿದ್ರೆ ಸಂದೇಶ ನಿಧಾನ ಆಗುತ್ತೆ ಇಲ್ಲಾ ನಿಂತೇ ಹೋಗುತ್ತೆ. ತಂತುವಿನ ಒಳಗಡೆ ಸರಕು ಸಾಗಾಟನೂ ನಡೀತಾ ಇರುತ್ತೆ, ಅದು ಕಟ್ಕೊಂಡ್ರೆ ಶಿರಾಡಿ ಘಾಟಲ್ಲಿ ಒಂದು ಲಾರಿ ಕೆಟ್ಟು ನಿಂತಾಗ ಹಿಂದೆ ಸಾಲುಗಟ್ಟೋ ತರ ಸರಕು ಗುಡ್ಡೆ ಬಿದ್ದು ತಂತು ಅಲ್ಲಲ್ಲಿ ಊದಿಕೊಳ್ಳುತ್ತೆ.

ಆದ್ರೆ ಇಷ್ಟೆಲ್ಲಾ ಹಾನಿ ಹುಳ ಒಂದೇ ಮಾಡೋದಲ್ಲ, ಜನಕ್ಕೆ ಇದು ಗೊತ್ತಿರಬೇಕು. ಹುಳದ ಮೇಲೆ ಬೀಳೋಕೆ ನಮ್ಮ ರಕ್ತದ ಇಸಿನೋಫಿಲ್ ಕಣಗಳು ಬರ್ತವೆ, ಬ್ಲಡ್ ರಿಪೋರ್ಟಲ್ಲಿ ನೋಡಿರ್ತೀರಿ. ಅವು ಅಂಟ್ಕೊಂಡ ತಕ್ಷಣ ಹುಳ ತನ್ನ ಮೇಲಿನ ತೆಳು ಪೊರೆ ಕಳಚಿ ಬಿಟ್ಟು ಮುಂದೆ ಹೋಗುತ್ತೆ, ಇಸಿನೋಫಿಲ್‌ಗಳು ಖಾಲಿ ಪೊರೆ ಹಿಡ್ಕೊಂಡು ಅಲ್ಲೇ ವಿಷ ಸುರೀತವೆ, ಆ ವಿಷ ಬೀಳೋದು ನಮ್ಮದೇ ನರತಂತು ಮೇಲೆ. 1930ರ ದಶಕದಲ್ಲಿ ಲಂಡನ್ನಿನ ಮರ್ವಿನ್ ಗಾರ್ಡನ್ ಅನ್ನೋರು ಹಾಡ್ಜ್‌ಕಿನ್ ಅನ್ನೋ ಒಂದು ಬಗೆಯ ಕ್ಯಾನ್ಸರಿನ, ಇಸಿನೋಫಿಲ್ ತುಂಬಿರೋ ಗಂಟಿನ ಸಾರ ಮೊಲದ ಮೆದುಳಿಗೆ ಚುಚ್ಚಿದಾಗ ಮೊಲಗಳು ಕಾಲು ಸೆಟೆದು, ತೂರಾಡಿ, ಲಕ್ವ ಹೊಡೆದ ಹಾಗಾದವು. ಅದು ಇಸಿನೋಫಿಲ್‌ಗಳ ಕೆಲಸ ಅನ್ನೋದು ಕೆಲವೇ ವರ್ಷದಲ್ಲಿ ಗೊತ್ತಾಯ್ತು, ಆದ್ರೆ ಆ ವಿಷಾನ ಬೇರ್ಪಡಿಸಿ ತೋರಿಸೋಕೆ ಹತ್ತಿರ ಹತ್ತಿರ ಐವತ್ತು ವರ್ಷ ಬೇಕಾಯ್ತು. ಅದಕ್ಕೇ ಇಂಥ ಕೇಸಲ್ಲಿ ಹುಳದ ಔಷಧಿ ಜೊತೆ ಉರಿಯೂತ ತಗ್ಗಿಸೋ ಸ್ಟಿರಾಯ್ಡ್ ಕೂಡ ಕೊಡ್ತಾರೆ.

ಸ್ಕೂಲಿನ ಮಾತ್ರೆ ಬಗ್ಗೆ: ಫೆಬ್ರವರಿ 10ಕ್ಕೆ ಕೊಡೋ ಅಲ್ಬೆಂಡಜೋಲ್ ಒಳ್ಳೇದು, ತಪ್ಪಿಸಬೇಡಿ, ಆದ್ರೆ ಆ ಒಂದು ಡೋಸ್ ಇರೋದು ಕರುಳಲ್ಲಿರೋ ಮನುಷ್ಯರ ಹುಳಕ್ಕೆ. ಮಾಂಸ, ಮೆದುಳು ಸೇರಿದ ಮರಿಹುಳಕ್ಕೆ ಅಷ್ಟು ಸಾಲದು. ಇದನ್ನ ತಡೆಯೋ ಜಾಗ ನಾಯಿಮರಿ. ನಾಳೇನೇ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ, ಡೀವರ್ಮಿಂಗ್ ಒಂದ್ಸಲಕ್ಕೆ ಮುಗಿಯಲ್ಲ, ಚಿಕ್ಕ ಮರಿಗೆ ಎರಡೆರಡು ವಾರಕ್ಕೊಮ್ಮೆ ಮಾಡಿಸ್ಬೇಕು. ಅದರ ಕಕ್ಕ ದಿನಾ ಎತ್ತಿ, ಮಣ್ಣಲ್ಲಿ ಬಲಿಯೋಕೆ ಟೈಮ್ ಕೊಡ್ಬೇಡಿ. ಮಗನ ಉಗುರು ಕತ್ತರಿಸಿ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಮರೀನ ದಯವಿಟ್ಟು ಬೀದಿಗೆ ಬಿಡ್ಬೇಡಿ, ಮಗನೂ ಅದೂ ಒಟ್ಟಿಗೆ ಬೆಳೀಲಿ. ಮಗನಿಗೆ ಬಿಡದ ಜ್ವರ, ಉಬ್ಬಸ, ಒಂದು ಕಣ್ಣು ಮಂಜಾಗೋದು, ಮೆಳ್ಳಗಣ್ಣು, ಫಿಟ್ಸ್ ಇಂಥದ್ದೇನಾದ್ರೂ ಕಂಡ್ರೆ ತಡ ಮಾಡದೆ ಡಾಕ್ಟ್ರಿಗೆ ತೋರಿಸಿ, ನಾಯಿಮರಿ ವಿಷಯಾನೂ ಹೇಳಿ. ಮಲ ಪರೀಕ್ಷೇಲಿ ಇದು ಸಿಗಲ್ಲ, ರಕ್ತದಲ್ಲಿ ಆಂಟಿಬಾಡಿ ನೋಡ್ಬೇಕು. ಬಹಳಷ್ಟು ಮಕ್ಕಳಿಗೆ ಏನೂ ಆಗದೇನೇ ಹೋಗುತ್ತೆ, ಇವತ್ತು ನಿದ್ದೆ ಮಾಡಿ.

ಪ್ರಶ್ನೆ: ನಮ್ಮ ಭಾವನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡ್ದಾಗ ಮೆದುಳಲ್ಲಿ ಹುಳದ ಗಂಟು ಅಂದ್ರು. ಅದೂ ನಾಯಿಯಿಂದಾನಾ?
– ಓದುಗರು, ಗದಗ

ಉತ್ತರ: ಅಲ್ಲ. ಅದು ಲಾಡಿಹುಳದ ಮೊಟ್ಟೆಯಿಂದ ಬರೋದು, ನಮ್ಮಲ್ಲಿ ಫಿಟ್ಸ್‌ಗೆ ದೊಡ್ಡ ಕಾರಣಗಳಲ್ಲಿ ಒಂದು, ಶುದ್ಧ ಸಸ್ಯಾಹಾರಿಗಳಿಗೂ ಕೊಳಕು ನೀರು, ಕೈ, ತೊಳೆಯದ ಸೊಪ್ಪಿನಿಂದ ಬರುತ್ತೆ. ಫಿಟ್ಸ್ ಮಾತ್ರೆ ಅವರಾಗೇ ನಿಲ್ಲಿಸದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಸರ್, ಮಳೆ ಶುರುವಾದ್ರೆ ತೋಟದ ತುಂಬಾ ಆಫ್ರಿಕನ್ ಬಸವನಹುಳು, ಕೂಲಿಯವರ ಮಕ್ಕಳು ಕೈಯಲ್ಲಿ ಹಿಡಿದು ಆಡ್ತವೆ. ತೊಂದರೆ ಇದ್ಯಾ?
– ಓದುಗರು, ಸೋಮವಾರಪೇಟೆ

ಉತ್ತರ: ಇದೆ. ಇಲಿ ಶ್ವಾಸಕೋಶದಲ್ಲಿರೋ ಒಂದು ದುಂಡುಹುಳದ ಮರಿಗಳು ಬಸವನಹುಳುವಿನ ಮೈಯಲ್ಲಿ ಬೆಳೀತವೆ, ಬಾಯಿಗೆ ಹೋದ್ರೆ ಸೀದಾ ಮೆದುಳಿಗೇ ನಡೀತವೆ. ಕೇರಳದಲ್ಲಿ ಔಷಧಿ ಅಂತ ಉಡದ ಹಸಿ ಮಾಂಸ ತಿಂದು ಇಂಥ ಮೆದುಳುಪೊರೆ ಉರಿಯೂತ ಬಂದೋರಿದಾರೆ, ಉಡ ಹಿಡಿಯೋದು ಕಾನೂನಿನ ಪ್ರಕಾರ ಅಪರಾಧ ಅನ್ನೋದು ಬೇರೆ. ಬಸವನಹುಳು ಆರಿಸುವಾಗ ಗ್ಲೌಸ್ ಹಾಕ್ಲಿ, ಹಸಿ ಸೊಪ್ಪು ಎಲೆ ಎಲೆ ಬಿಡಿಸಿ ತೊಳೀಲಿ. ಮಗು ವಿಪರೀತ ತಲೆನೋವು, ವಾಂತಿ ಅಂದ್ರೆ, ಬಟ್ಟೆ ತಾಗಿದ್ರೂ ಚರ್ಮ ಉರಿಯುತ್ತೆ ಅಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಬಸವನಹುಳು ಮುಟ್ಟಿದ್ದು ನೀವೇ ಬಾಯ್ಬಿಟ್ಟು ಹೇಳಿ, ಯಾಕಂದ್ರೆ ಆ ಪ್ರಶ್ನೆ ಕೇಳೋಕೆ ಎಷ್ಟೋ ಡಾಕ್ಟ್ರಿಗೆ ಹೊಳೆಯಲ್ಲ.