ಫುಟ್‌ಪಾತ್‌ನಲ್ಲಿ ಮಲಗುವವರಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನ ರಾತ್ರಿ ತಂಗುದಾಣವೊಂದರಲ್ಲಿ ಇಡೀ ದಿನದ ತರಬೇತಿ ಇಟ್ಟರೆ ಹೇಗೆ ಎಂದು ಕೇಳಿದ್ದೀರಿ. ಇಡಬೇಡಿ. ಹಗಲು ಕೂತರೆ ಅವರ ಅವತ್ತಿನ ಕೂಲಿ ಹೋಯಿತು. ರಾತ್ರಿ ಊಟವಾದ ಮೇಲೆ ನಲವತ್ತು ನಿಮಿಷ, ಎಂಟು-ಹತ್ತು ಜನ, ಒಂದು ಸಲಕ್ಕೆ ಒಂದೇ ವಿಷಯ ಸಾಕು.

ಮೊದಲ ದಿನ ಬ್ಯಾಂಡೇಜ್ ಮುಟ್ಟಬೇಡಿ, ಫೋನ್ ಮಾಡುವುದನ್ನು ಕಲಿಸಿ. 108ಕ್ಕೂ 112ಕ್ಕೂ ಕರೆನ್ಸಿ ಬೇಕಿಲ್ಲ. ಎಲ್ಲರೂ ಎಡವುವುದು ಜಾಗ ಹೇಳುವಾಗ. ‘ಮಾರ್ಕೆಟ್ ಹತ್ರ’ ಅಂದರೆ ಆಂಬುಲೆನ್ಸ್ ಸುತ್ತುತ್ತಲೇ ಇರುತ್ತದೆ. ಮೆಟ್ರೋ ಕಂಬದ ನಂಬರ್ ಅಥವಾ ಬಸ್ ಸ್ಟಾಪಿನ ಹೆಸರು, ಜೊತೆಗೆ ರಸ್ತೆಯ ಯಾವ ಬದಿ ಎಂಬುದು ಬೇಕು. ತಾವು ಮಲಗುವ ಜಾಗವನ್ನು ಒಬ್ಬೊಬ್ಬರಿಂದಲೂ ಬಾಯಿಬಿಟ್ಟು ಹೇಳಿಸಿ.

ಪೊಲೀಸರ ಭಯಕ್ಕೆ ಕರೆ ಮಾಡಿ ಓಡುವವರೂ ಇರುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ, ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಹೆಸರು-ವಿಳಾಸ ಕೊಡು ಎಂದು ಒತ್ತಾಯಿಸುವಂತಿಲ್ಲ. ವಿಳಾಸವೇ ಇಲ್ಲದವರಿಗೆ ಇದನ್ನು ಎರಡು ಸಲ ಹೇಳಬೇಕು.

ಎರಡನೆಯ ದಿನ ಎಚ್ಚರ ತಪ್ಪಿದವರು. ‘ಕುಡಿದಿದ್ದಾನೆ, ಬಿಡು’ ಎಂಬ ಮಾತಿಗೇ ಜೀವ ಹೋಗುವುದು. ತಲೆಗೆ ಪೆಟ್ಟು ಬಿದ್ದವರೂ ಸಕ್ಕರೆ ಇಳಿದವರೂ ಹಾಗೇ ಕಾಣುತ್ತಾರೆ. ನಿಜವಾಗಿ ಕುಡಿದವರೂ ಅಂಗಾತ ಬಿದ್ದಿದ್ದರೆ ವಾಂತಿ ಉಸಿರುನಾಳಕ್ಕೆ ಇಳಿಯಬಹುದು. ಭುಜ ತಟ್ಟಿ ಕೂಗಿ, ಹತ್ತು ಸೆಕೆಂಡು ಎದೆ ನೋಡಿ. ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಕೆನ್ನೆಯ ಕೆಳಗೆ ಅವರದೇ ಅಂಗೈ, ಬಾಯಿ ನೆಲದ ಕಡೆಗೆ. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದರೆ, 108ಕ್ಕೆ ಹೇಳಿ ಎದೆಯ ನಡುವೆ ಎರಡೂ ಕೈಯಿಟ್ಟು 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100-120 ಸಲ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಅಭ್ಯಾಸಕ್ಕೆ ಹಳೇ ಬಟ್ಟೆ ಬಿಗಿಯಾಗಿ ತುಂಬಿದ ಅಕ್ಕಿ ಚೀಲ ಸಾಕು. ಬದುಕಿರುವವರ ಎದೆ ಮೇಲೆ ಬೇಡ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದನ್ನು ಬಿಡಿಸಲು ಅರ್ಧ ಗಂಟೆ ವಾದ ಆಗುತ್ತದೆ, ಆಗಲಿ. ಬಾಯಿಗೆ ಏನೂ ಹಾಕಬಾರದು, ಹಿಡಿದು ಅದುಮಬಾರದು. ಸುತ್ತಲಿನ ಕಲ್ಲು ಸರಿಸಿ, ಅದುರು ನಿಂತಮೇಲೆ ಪಕ್ಕಕ್ಕೆ ಹೊರಳಿಸಿ. ಅದುರುವುದು ಐದು ನಿಮಿಷ ದಾಟಿದರೆ 108.

ಇನ್ನು ನಾಯಿಕಡಿತ. ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ನಲ್ಲಿ ಇಲ್ಲದ ಕಡೆ ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಒಬ್ಬರು ಸುರಿಯುತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಉಚಿತ. ಆದರೆ ಗಾಯ ಒಣಗಿದ ಕೂಡಲೇ ಉಳಿದ ಡೋಸ್‌ಗಳಿಗೆ ಹೋಗುವುದಿಲ್ಲ, ಚೀಟಿ ಮಳೆಗೆ ನೆಂದು ಹೋಗಿರುತ್ತದೆ. ಚೀಟಿ ತಂಗುದಾಣದ ಮೇಲ್ವಿಚಾರಕರ ಹತ್ತಿರ ಇರಲಿ. ಮುಂದಿನ ತಾರೀಕುಗಳನ್ನು ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಹಿಂದಿನ ರಾತ್ರಿ ನೆನಪಿಸಲಿ.