ಮೊಗವೀರರ ಇತಿಹಾಸ ಕೇಳಿದ್ದೀರಿ, ರಂಪಣಿಯಿಂದ ಶುರು ಮಾಡುತ್ತೇನೆ

ಬೆಂಗಳೂರಿನ ಹೋಟೆಲುಗಳಲ್ಲಿ 'ಮಲ್ಪೆ ಮೀನು' ಎಂಬ ಬೋರ್ಡು ನೋಡಿ, ದೊಡ್ಡ ಬೋಟುಗಳು ಬರುವ ಮೊದಲು ಉಡುಪಿ ಬಳಿಯ ಆ ಬಂದರಿನ ಮೀನುಗಾರ ಸಮುದಾಯದವರಾದ ಮೊಗವೀರರು ಹೇಗೆ ಬದುಕುತ್ತಿದ್ದರು ಎಂದು ಕೇಳಿದ್ದೀರಿ. ನಾನು ಮಲ್ಪೆ ಕಡೆಯ ಕಡಲ ಕರೆಯವನು (ಕರೆ ಎಂದರೆ ದಡ), ಹನ್ನೆರಡು ವರ್ಷದಿಂದ ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ನಾನು ಕೇಳಿ ಬೆಳೆದದ್ದು ಅಮ್ಮನ ಸೋದರಮಾವ ಹೇಳುತ್ತಿದ್ದ ಕಥೆಗಳನ್ನು. ನಮ್ಮದು ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ, ಮನೆಯ ಹಿರಿಯರೆಂದರೆ ಅವರೇ.

ಅವರ ಬಾಯಲ್ಲಿ ಇತಿಹಾಸವೆಂದರೆ ರಂಪಣಿ, ದಡದಿಂದ ಎಳೆಯುವ ಉದ್ದನೆಯ ಬಲೆ. ಮಳೆಗಾಲ ಮುಗಿದು ಬಂಗುಡೆ, ಬೂತಾಯಿ ಮೀನಿನ ಗುಂಪು ಕರೆಯ ಹತ್ತಿರ ಬಂದರೆ ನೀರಿನ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ದೋಣಿಯವರು ಬಲೆ ಬಿಡುತ್ತಾ ಅರ್ಧಚಂದ್ರದಂತೆ ಸುತ್ತು ಹಾಕಿ ಬರುವರು. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ, ಎರಡೂ ಕಡೆ ಹತ್ತಾರು ಜನ ಕೂಗು ಹಾಕುತ್ತಾ ಎಳೆಯುವರು. ಅಷ್ಟುದ್ದದ ಬಲೆ ಒಬ್ಬ ಸಾಹುಕಾರನದಲ್ಲ, ಹಲವು ಮನೆಯವರು ಸೇರಿ ಮಾಡಿದ್ದು. ಬಂದ ಮೀನಿಗೂ ಹಾಗೇ ಪಾಲು. ಗಂಡಸರಿಲ್ಲದ ಮನೆಗೂ ನಮ್ಮೂರಿನಲ್ಲಿ ಪಾಲು ಹೋಗುತ್ತಿತ್ತು ಎನ್ನುತ್ತಿದ್ದರು ಅಜ್ಜಿ. ದಾರಿಹೋಕ ಬಂದು ಹಗ್ಗ ಹಿಡಿದರೂ ಸಾರು ಮಾಡಲು ಮೀನು ಖಂಡಿತ.

ಮೀನು ರಾಶಿ ಬಿದ್ದ ದಿನ ಐಸ್ ಎಲ್ಲಿತ್ತು? ಹೆಂಗಸರು ಬುಟ್ಟಿ ತಲೆ ಮೇಲಿಟ್ಟು ಮೈಲಿಗಟ್ಟಲೆ ನಡೆದು ಮನೆಮನೆಗೆ ಮಾರಿದರೂ ಉಳಿಯುತ್ತಿತ್ತು. ಉಳಿದದ್ದಕ್ಕೆ ಉಪ್ಪು, ಅದಕ್ಕೂ ಹೆಚ್ಚಾದದ್ದು ತೆಂಗಿನ ಬುಡಕ್ಕೆ ಗೊಬ್ಬರ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಉಪ್ಪಿಗೆ ಕರ ಇದ್ದ ಆ ಕಾಲದಲ್ಲಿ, ಮೀನಿಗೆ ಉಪ್ಪು ಹಾಕಲೆಂದೇ ಬ್ರಿಟಿಷ್ ಸರ್ಕಾರ ಕರಾವಳಿಯಲ್ಲಿ ಅಂಗಳಗಳನ್ನು ಮಾಡಿ ಅಲ್ಲಿ ಕರವಿಲ್ಲದ ಉಪ್ಪು ಕೊಡುತ್ತಿತ್ತು. ಊರು ಬಿಟ್ಟು ಮುಂಬೈ ಸೇರಿದವರೂ ಬಹಳ. ನಮ್ಮವರ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಪರ್ಸೀನ್ ಬಲೆ ಮೀನಿನ ಗುಂಪನ್ನು ದೂರದ ಸಮುದ್ರದಲ್ಲೇ ಸುತ್ತುವರಿದು, ಬುಡದ ಹಗ್ಗ ಎಳೆದಾಗ ಸಂಚಿಯ ಬಾಯಿಯಂತೆ ಕೆಳಗಿನಿಂದ ಮುಚ್ಚಿಕೊಳ್ಳುತ್ತದೆ. ಮೀನು ಕರೆಗೆ ಬರುವವರೆಗೆ ಕಾಯುವುದೇ ಬೇಡ. ಅಲ್ಲಿಗೆ ರಂಪಣಿಯ ಕಥೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ದಡದಲ್ಲಿ ಕಾದು ನಿಂತವರ ಬಲೆ ಬರಿದಾಯಿತು. ಕೆಲವು ರಂಪಣಿಯವರು ತಾವೇ ಜೊತೆಗೂಡಿ ಪರ್ಸೀನ್ ಬೋಟು ಮಾಡಿದರು, ಅದು ನಿಜ. ಆದರೆ ಬೋಟಿನಲ್ಲಿ ಹಿಡಿಸುವ ಜನ ಎಷ್ಟು? ಹಗ್ಗ ಎಳೆಯುತ್ತಿದ್ದ ಮುದುಕರಿಗೆ, ಪಾಲು ಕಾಯುತ್ತಿದ್ದ ಮನೆಗಳಿಗೆ ಅಲ್ಲಿ ಜಾಗವಿರಲಿಲ್ಲ. ರಾಜ್ಯದಲ್ಲಿ ಸಮುದ್ರ ಮೀನುಗಾರಿಕೆಯ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಅಷ್ಟು ಹೊತ್ತಿಗೆ ನಮ್ಮ ಮನೆಯ ರಂಪಣಿ ಅಟ್ಟ ಸೇರಿತ್ತು. ಅದನ್ನು ಮಾರಲು ಮಾವ ಕೊನೆಯವರೆಗೂ ಒಪ್ಪಲಿಲ್ಲ. ಈ ಮಾತು ಬರೆಯುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಚಿಕ್ಕ ಬಲೆಯ ಕೈರಂಪಣಿ ಮಾತ್ರ ಈಗಲೂ ಇದೆ. ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಅದು ಮುಗಿದು, ನೂಲ ಹುಣ್ಣಿಮೆಯ ಸಮುದ್ರ ಪೂಜೆಯೂ ಕಳೆದ ಮೇಲೆ ಒಮ್ಮೆ ಮಲ್ಪೆಗೆ ಹೋಗಿ, ಬೆಳಿಗ್ಗೆ ಮರಳಿನ ಮೇಲೆ ನಡೆಯಿರಿ. ಯಾರಾದರೂ ಕೈರಂಪಣಿ ಎಳೆಯುತ್ತಿದ್ದರೆ ನೀವೂ ಹಗ್ಗ ಹಿಡಿಯಿರಿ. ಸಾರು ಮಾಡಲು ನಾಲ್ಕು ಮೀನು ಕೊಟ್ಟೇ ಕಳಿಸುತ್ತಾರೆ.