ಬ್ಯಾಕ್‌ಹೋ ಇರುವ ಹಳೇ ಮಿನಿ ಟ್ರ್ಯಾಕ್ಟರ್ ತಗೋಬಹುದಾ?

ಮದ್ದೂರು ಕಡೆ ಬ್ಯಾಕ್‌ಹೋ (ಹಿಂದೆ ಇರುವ ಅಗೆಯುವ ತೋಳು) ಕೂರಿಸಿದ ಹಳೇ ಮಿನಿ ಟ್ರ್ಯಾಕ್ಟರ್ ಇದೆ, ಮೀಟರ್ 1,400 ಗಂಟೆ ತೋರಿಸುತ್ತಿದೆ, ತಗೋಬಹುದಾ ಅಂತ ಕೇಳಿದ್ದೀರಿ.

ಮೀಟರ್ ನೋಡಿ ಸುಮ್ನೆ ಮರುಳಾಗಬೇಡಿ, ಅದು ಕೆಟ್ಟು ಎಷ್ಟು ದಿನ ನಿಂತಿತ್ತೋ ಯಾರಿಗೆ ಗೊತ್ತು. ಕ್ಲಚ್ ಪೆಡಲ್ ಸವೆದು ಕಬ್ಬಿಣ ಫಳಫಳ ಅಂತಿದ್ದರೆ ಗಂಟೆ ಜಾಸ್ತಿಯೇ ಓಡಿದೆ. ಬೆಳಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ಅರ್ಥ.

ದುಡ್ಡು ತಿನ್ನುವುದು ಬ್ಯಾಕ್‌ಹೋ. ಅದರ ತೋಳು ಎತ್ತಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ದೂರ ನಿಂತು ನೋಡಿ. ಕಣ್ಣೆದುರೇ ಇಳಿಯುತ್ತಾ ಬಂದರೆ ಸಿಲಿಂಡರ್ ಸೀಲ್ ಇಲ್ಲವೇ ವಾಲ್ವ್ ಹೋಗಿದೆ. ಆಮೇಲೆ ಬಕೆಟ್ ನೆಲದಿಂದ ಗೇಣುದ್ದ ಮೇಲಿಟ್ಟು, ಪಕ್ಕದಿಂದ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಕೀಲುಗಳ ಪಿನ್ನು, ಬುಶ್ ಸವೆದಿವೆ. ಹೈಡ್ರಾಲಿಕ್ ಆಯಿಲ್ ಹಾಲು ಬೆರೆಸಿದ ಟೀ ಥರ ಇದ್ದರೆ ನೀರು ಸೇರಿದೆ. ನಮ್ಮ ನಾಲೆ ಬಯಲಿನ ಗಾಡಿಗಳು ಕೆಸರು ಗದ್ದೆಯಲ್ಲೇ ಬೆಳೆದವು ಅಲ್ವಾ, ಮುಂದಿನ ಆಕ್ಸಲ್ ಸೀಲೂ ನೋಡಿ.

ಬ್ಯಾಕ್‌ಹೋ ಬರೀ ತ್ರೀ ಪಾಯಿಂಟ್ ಲಿಂಕಿಗೆ (ನೇಗಿಲು ಸಿಕ್ಕಿಸುವ ಹಿಂದಿನ ಮೂರು ಕೊಂಡಿಗೆ) ನೇತುಹಾಕಿದ್ದರೆ ನಾನಂತೂ ತಗೊಳ್ಳುವುದಿಲ್ಲ. ಅಗೆಯುವ ಹೊಡೆತವೆಲ್ಲ ಹಿಂದಿನ ಹೌಸಿಂಗ್‌ಗೇ (ಗೇರ್, ಆಕ್ಸಲ್ ಇರುವ ಕಬ್ಬಿಣದ ಕವಚಕ್ಕೇ) ಬೀಳುತ್ತದೆ, ಅದು ಬಿರುಕು ಬಿಟ್ಟರೆ ರಿಪೇರಿ ಖರ್ಚು ತುಂಬಾ ಜಾಸ್ತಿ. ಚಾಸಿಗೆ ಫ್ರೇಮ್ ಬಿಗಿದಿದ್ದರೆ ಸರಿ, ಆದರೂ ಹೊಸ ಪೇಂಟ್ ಕೆಳಗೆ ವೆಲ್ಡಿಂಗ್ ತೇಪೆ ಇದೆಯಾ ಅಂತ ಬೆರಳಾಡಿಸಿ ನೋಡಿ.

ಆರ್‌ಸಿಯಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ದರೆ ಎನ್‌ಒಸಿ (ಸಾಲ ಬಾಕಿ ಇಲ್ಲ ಎಂಬ ಬ್ಯಾಂಕಿನ ಪತ್ರ) ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ. ವರ್ಷಕ್ಕೆ ನಾಲ್ಕು ದಿನದ ಅಗೆತಕ್ಕಾದರೆ ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸಿ ಸಾಕು.